ಇವತ್ತಿನಿಂದ ಯಾರೂ ಅಮೆಜ್ರೋ ಅಲ್ಲ

ಖಂಡವೆಲ್ಲ ಒಂದೇ ಎಂದು ಸಾರುವ ಸಮಾರಂಭಕ್ಕಾಗಿ ಆ ದಿನ ಗಡಿಯ ಗೇಟು ಮುಚ್ಚಿದ್ದರು. ತಮಾಷೆಗೆ ಹೇಳುತ್ತಿಲ್ಲ. ತೆಂಗಿನ ಗೇಟು ಎಂದು ನಾವು ಕರೆಯುವ ಆ ಸಣ್ಣ ಗೇಟಿನ ಕಂಬಗಳಿಗೆ ಹೊಸ ಬಣ್ಣ ಬಳಿದಿದ್ದರು, ಆಫ್ರಿಕಾದ ಎಲ್ಲ ದೇಶಗಳ ಬಾವುಟ ಸಿಕ್ಕಿಸಿದ್ದರು, ‘ಒಂದೇ ಖಂಡ, ಒಂದೇ ಮನೆ’ ಎಂಬ ಉದ್ದನೆಯ ಬಟ್ಟೆ ಕಟ್ಟಿದ್ದರು. ಅದರ ಕೆಳಗೇ ಹಗ್ಗ ಎಳೆದು ಸಿಪಾಯಿಗಳನ್ನು ನಿಲ್ಲಿಸಿದ್ದರು. ಹಗ್ಗದ ಆಚೆ ಲೋಮೆ, ಪಕ್ಕದ ದೇಶದ ಊರು. ಅಲ್ಲಿ, ಮೀನಿನ ಬುಟ್ಟಿ, ಟೊಮೇಟೊ ಬುಟ್ಟಿ ಹೊತ್ತ ಹೆಂಗಸರ ನಡುವೆ, ಬಿಳಿ ಬಟ್ಟೆ ಉಟ್ಟು ನನ್ನ ಅಕ್ಕ ಆಬ್ಲಾ ನಿಂತಿದ್ದಳು.

ಈಚೆ ನಮ್ಮ ದೇಶದ ಅಫ್ಲಾವೋ. ಕೂಗಿದರೆ ಕೇಳುವಷ್ಟು ದೂರದಲ್ಲಿ ನಮ್ಮ ಮನೆ. ಮನೆಯೊಳಗೆ ನಮ್ಮ ತಮ್ಮ ಎಲಿಕೆಮ್‌ನ ಮಗಳು, ಹುಟ್ಟಿ ಎಂಟನೆಯ ದಿನ. ಎಂಟನೆಯ ದಿನದವರೆಗೆ ಮಗುವನ್ನು ನಾವು ಅಮೆಜ್ರೋ ಎನ್ನುತ್ತೇವೆ. ನಮ್ಮ ಎವೆ ಮಾತಿನಲ್ಲಿ ಅತಿಥಿಗೂ ಪರದೇಶಿಗೂ ಇರುವುದು ಅದೊಂದೇ ಪದ. ಬಂದಿದೆ, ಉಳಿಯುತ್ತದೋ ಹೊರಟುಹೋಗುತ್ತದೋ ಯಾರಿಗೂ ಗೊತ್ತಿಲ್ಲ, ಅಂಥದ್ದು. ಎಂಟನೆಯ ದಿನ ಸೋದರತ್ತೆ ಮಗುವನ್ನು ಹೊರಗೆ ತಂದು ಸೂರಿನ ಅಂಚಿಗೆ ಹಿಡಿಯಬೇಕು. ಮಾಡಿನ ಮೇಲೆ ಎರಚಿದ ನೀರು ಮಗುವಿನ ಮೈಮೇಲೆ ತೊಟ್ಟಿಕ್ಕಬೇಕು. ಆಗ ಅವಳು, ‘ಇವತ್ತಿನಿಂದ ನೀನು ಅಮೆಜ್ರೋ ಅಲ್ಲ, ಒಳಗೆ ಬಾ’ ಎನ್ನಬೇಕು. ಹೊತ್ತು ನೆತ್ತಿಗೇರುವುದರೊಳಗೆ ಇದೆಲ್ಲ ಆಗಬೇಕು.

ನಾನೂ ಸೋದರತ್ತೆಯೇ. ಆದರೆ ಹಿರಿಯಳಿರುವಾಗ ಕಿರಿಯಳು ಆ ಮಗುವನ್ನು ಹೊಸ್ತಿಲು ದಾಟಿಸುವಂತಿಲ್ಲ. ಅಲ್ಲದೆ, ಅಮ್ಮ ಸತ್ತ ಮೇಲೆ ಎಲಿಕೆಮ್‌ನನ್ನು ಬೆನ್ನಿಗೆ ಕಟ್ಟಿಕೊಂಡು ಮೀನು ಮಾರಿ ಬೆಳೆಸಿದವಳು ಆಬ್ಲಾ. ಲೋಮೆಯವನನ್ನು ಮದುವೆಯಾದಳು ಎಂಬುದಷ್ಟೇ ಅವಳನ್ನು ಆಚೆಯವಳನ್ನಾಗಿ ಮಾಡಿದ್ದು. ಬೇರೆ ದಿನಗಳಲ್ಲಿ ಅವಳಿಗೆ ಗೇಟು ದಾಟುವುದೆಂದರೆ ಓಣಿ ದಾಟಿದಂತೆ.

ನಾನು ಹೈಸ್ಕೂಲಿನಲ್ಲಿ ಫ್ರೆಂಚ್ ಕಲಿಸುವವಳು. ಮಂತ್ರಿಗಳ ಇಂಗ್ಲಿಷ್ ಭಾಷಣವನ್ನು ಫ್ರೆಂಚ್‌ಗೂ ಎವೆಗೂ ಅನುವಾದಿಸಲು ನನ್ನನ್ನು ಕರೆಸಿದ್ದರು. ಆದ್ದರಿಂದ ರಾಜಧಾನಿಯಿಂದ ಬಂದಿದ್ದ ವ್ಯವಸ್ಥಾಪಕ ಅಸಾಮೋವಾ ಅವರ ಹತ್ತಿರ ಹೋಗಿ ಕೇಳುವ ಧೈರ್ಯ ಮಾಡಿದೆ.

“ಸರ್, ಒಬ್ಬಳನ್ನ ಬಿಟ್ರೆ ಸಾಕು. ನಮ್ಮಕ್ಕ. ಮನೇಲಿ ಸೋದರತ್ತೆ ಮಗುನ ಹೊರಗೆ ತರೋ ಶಾಸ್ತ್ರ ಇದೆ.”

“ಮೇಡಂ, ಕಾರ್ಯಕ್ರಮ ಮುಗಿಯೋವರೆಗೂ ಒಂದು ಇರುವೆನೂ ದಾಟಬಾರದು ಅಂತ ಆರ್ಡರ್.”

“ಕಾರ್ಯಕ್ರಮ ಯಾವುದರ ಬಗ್ಗೆ ಅಂತ ಒಂದ್ಸಲ ಮೇಲೆ ನೋಡಿ ಸರ್.”

ಅವರು ತಲೆಯೆತ್ತಿ ಬಟ್ಟೆಯನ್ನು ನೋಡಿದರು. “ಯಾಕೆ, ವಾಲಿದೆಯಾ?”

ನಾನು ಆಚೆ ನಿಂತಿದ್ದ ಅಕ್ಕನ ಕಡೆ ಕೈ ತೋರಿಸಿದೆ. ಅವರು ಮುಂದುವರಿಸಿದರು. “ಆಯಮ್ಮ ಫಾರಿನರ್. ನಾನೇನು ಮಾಡ್ಲಿ? ಅಷ್ಟು ಅವಸರ ಇದ್ರೆ ನೀವೇ ಮಾಡಿಬಿಡಿ. ನೀವೂ ಅತ್ತೆನೇ ತಾನೇ?”

ಹಗ್ಗದ ಆಚೆಯಿಂದ ಅಕ್ಕ ಸಿಪಾಯಿಗಳ ಸಾರ್ಜೆಂಟನ ಜತೆ ಜಗಳ ಶುರು ಮಾಡಿದ್ದಳು. “ಏ ಹೊಟ್ಟೆಯಪ್ಪಾ! ನಿನ್ನೆವರೆಗೂ ನಾನು ಹುರಿದ ಮೀನು ತಿಂದ್ಯಲ್ಲ, ಆಗ ಆ ಮೀನು ಯಾವ ದೇಶದ್ದೋ?”

“ಮೀನಿಗೆ ಮುಳ್ಳಿತ್ತು ಕಣಮ್ಮಾ, ದೇಶ ಇರ್ಲಿಲ್ಲ. ಸುಮ್ನೆ ನಿಂತ್ಕೋ.”

ಹೆಂಗಸರು ಗೊಳ್ಳೆಂದು ನಕ್ಕರು. ಅಕ್ಕ ನಗಲಿಲ್ಲ. ಅವಳು ನನ್ನನ್ನು ನೋಡಿದಳು, ಆಮೇಲೆ ಸೂರ್ಯನನ್ನು. ನಾನು ಎಲ್ಲವನ್ನೂ ಗಮನಿಸುವವಳು. ಅಂಥ ಹೊತ್ತಿನಲ್ಲಿ ಸಿಪಾಯಿಗಳ ಕೈ ಬೆಲ್ಟಿನ ಹತ್ತಿರ ಹೋಗುತ್ತದೋ ಇಲ್ಲವೋ ಎಂದು ನೋಡುತ್ತಲೇ ಇರುತ್ತೇನೆ. ಆ ದಿನವೂ ನೋಡುತ್ತಿದ್ದೆ.

ಭಾಷಣ ಶುರುವಾಯಿತು. ಯಾರೋ ಬಿಳಿಯರು ಎಲ್ಲೋ ಕೂತು ಕಾಗದದ ಮೇಲೆ ಎಳೆದ ಗೆರೆ ಇದು, ಮಂತ್ರಿ ಹೇಳಿದರು. ಗೆರೆಯ ಎರಡೂ ಕಡೆ ಒಂದೇ ಡೋಲು, ಒಂದೇ ಹಾಡು, ಒಂದೇ ಅಜ್ಜಿಯ ಕತೆ. ಹೇಳಿದ್ದೆಲ್ಲ ನಿಜ. ಸುಳ್ಳಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನಮ್ಮ ನಿಜವನ್ನು ನಮ್ಮ ಎದುರಿಗೇ, ಹಗ್ಗ ಕಟ್ಟಿ ಹೇಳುತ್ತಿದ್ದರು. ನಾನು ಒಂದೊಂದೇ ವಾಕ್ಯವನ್ನು ಎರಡು ಭಾಷೆಗೆ ತಿರುಗಿಸುತ್ತಾ ಹೋದೆ.

ಆಗ ಅವರು ಧ್ವನಿ ಏರಿಸಿ, ಇಂದಿನಿಂದ ಇಲ್ಲಿ ಆಫ್ರಿಕಾದವರು ಯಾರೂ ಪರದೇಶಿಯಲ್ಲ ಎಂದರು.

ಫ್ರೆಂಚ್‌ನಲ್ಲಿ ಹೇಳುವುದು ಸುಲಭವಾಯಿತು. ಎವೆಗೆ ಬಂದಾಗ ತಡೆದೆ. ಬೇರೆ ಪದ ಇದೆಯೇ ಎಂದು ಹುಡುಕಿದೆ, ಪ್ರಾಮಾಣಿಕವಾಗಿಯೇ ಹುಡುಕಿದೆ. ಇಲ್ಲ. ಮೈಕಿನಲ್ಲಿ ಹೇಳಿದೆ: “ಇವತ್ತಿನಿಂದ ಇಲ್ಲಿ ಯಾರೂ ಅಮೆಜ್ರೋ ಅಲ್ಲ.”

ಗದ್ದಲವೆಲ್ಲ ನಿಂತಿತು. ಎರಡೂ ಕಡೆಯ ಜನ ತಾವು ಹುಟ್ಟಿದ ಎಂಟನೆಯ ದಿನ ಕೇಳಿಸಿಕೊಂಡ ಮಾತು ಅದು. ಆ ಮಾತನ್ನು ಅರ್ಧಕ್ಕೆ ಬಿಡುವ ರೂಢಿ ನಮ್ಮಲ್ಲಿಲ್ಲ. ಉಳಿದರ್ಧವನ್ನು ನಾನು ಹೇಳಲಿಲ್ಲ. ಈಚೆ ನಿಂತಿದ್ದವರೇ, ಮುದುಕರು, ಮೋಟಾರ್‌ಬೈಕಿನವರು, ಬ್ರೆಡ್ ಮಾರುವವರು, ಒಂದೇ ಬಾಯಿಯಲ್ಲಿ ಕೂಗಿದರು: “ಒಳಗೆ ಬಾ!”

ಆಚೆಯವರು ಬಂದರು. ಓಡಿ ಬರಲಿಲ್ಲ, ಮನೆಗೆ ಬರುವವರ ಹಾಗೆ ಬುಟ್ಟಿ ಹೊತ್ತು, ಹಗ್ಗ ಎತ್ತಿ, ತಲೆ ಬಗ್ಗಿಸಿ ಬಂದರು. ಸಿಪಾಯಿಗಳು ಮೊದಲು ಮಂತ್ರಿಯ ಮುಖ ನೋಡಿದರು. ಆಮೇಲೆ ಕೋಲು ಎತ್ತಿದರು. ಬುಟ್ಟಿಗಳು ಉರುಳಿದವು, ಟೊಮೇಟೊ ಬೂಟಿನ ಕೆಳಗೆ ಅಪ್ಪಚ್ಚಿಯಾದವು. ದಾಟಿದವರನ್ನು ಭುಜ ಹಿಡಿದು ಹಿಂದಕ್ಕೆ ದಬ್ಬಿದರು. ಮಂಡಿನೋವಿನ ನನ್ನ ಅಕ್ಕ ಹಗ್ಗದವರೆಗೆ ಬರುವಷ್ಟರಲ್ಲಿ ಅಲ್ಲಿ ಸಿಪಾಯಿಗಳು ಮತ್ತೆ ಸಾಲಾಗಿ ನಿಂತಿದ್ದರು.

ಅಸಾಮೋವಾ ನನ್ನ ತೋಳು ಹಿಡಿದರು. “ಏನಂದ್ರಿ ನೀವು ಅವರಿಗೆ?”

“ಮಂತ್ರಿಗಳು ಅಂದಿದ್ದೇ.”

“ರೀ, ಅವರು ಅಂದಿದ್ದು ಭಾಷಣ! ಅದನ್ನ ಯಾರಾದ್ರೂ ಹಾಗೇ ಹೇಳ್ತಾರಾ?” ಆಮೇಲೆ ಧ್ವನಿ ತಗ್ಗಿಸಿದರು. “ನೋಡಿ, ಅನುವಾದದಲ್ಲಿ ತಪ್ಪಾಯ್ತು ಅಂತ ಮೈಕಲ್ಲಿ ಹೇಳಿಬಿಡಿ. ನಿಮ್ಮಕ್ಕನ್ನ ನಾನೇ ಒಳಗೆ ಬಿಡಿಸ್ತೀನಿ. ಇಲ್ಲಾಂದ್ರೆ ಸಂಜೆವರೆಗೂ ಅವಳು ಅಲ್ಲೇ.”

ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ನಾನು ಮೈಕು ಎತ್ತಿಕೊಂಡೆ. ಹೇಳುವವಳೇ ಇದ್ದೆ.

“ಏ ಜಿಗ್ಬೋದಿ!” ಅಕ್ಕ ನನ್ನ ಹೆಸರು ಹಿಡಿದು ಕೂಗಿದಳು. “ಏನೇ ಹೇಳಿಸ್ತಾ ಇದಾನೆ ನಿನ್ನ ಕೈಲಿ?”

“ಅಕ್ಕಾ, ಆ ಮಾತು ತಪ್ಪು ಅಂತ ಹೇಳಬೇಕಂತೆ. ಹೇಳಿದ್ರೆ ನಿನ್ನ ಬಿಡ್ತಾರಂತೆ.” ಮೈಕು ಬಾಯಿಯ ಹತ್ತಿರವೇ ಇತ್ತು. ಎಲ್ಲರಿಗೂ ಕೇಳಿಸಿತು.

“ತಪ್ಪಾ? ನೀನು ಇಲ್ಲಿ ತಪ್ಪು ಅಂದ ಮಾತನ್ನ ನಾನು ಅಲ್ಲಿ ಬಂದು ಮಗೂಗೆ ಯಾವ ಬಾಯಲ್ಲಿ ಹೇಳ್ಲೇ? ಕೆಳಗಿಡು ಅದನ್ನ. ಮಗುನ ಇಲ್ಲಿಗೇ ತರಕ್ಕೆ ಹೇಳು.”

ನಾನು ಮೈಕು ಕೆಳಗಿಟ್ಟು ಮನೆಯ ಕಡೆ ಕೂಗಿದೆ. ಎಲಿಕೆಮ್ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಸೋರೆಬುರುಡೆಯ ತುಂಬ ನೀರು ಹಿಡಿದು ಬಂದ. ಹಗ್ಗದ ಪಕ್ಕದಲ್ಲೇ ಸಿಪಾಯಿಗಳ ತಗಡಿನ ಶೆಡ್ಡು. ಅದರ ಸೂರು ಆಚೆಗೂ ಚಾಚಿತ್ತು.

“ಅಕ್ಕಾ, ಇದು ಪೊಲೀಸ್ ಶೆಡ್ಡು ಕಣೇ. ನನ್ನ ಮಗಳು ಠಾಣೆ ಮನೆಯವಳಾಗಿಬಿಡ್ತಾಳೆ.”

“ಆದ್ರೆ ಆಗ್ಲಿ, ನಮ್ಮನೇಲೂ ಒಬ್ಳು ಲಾಠಿ ಹಿಡಿಯೋಳು ಬೇಕು. ಕೊಡೋ ಇಲ್ಲಿ.”

ಸಾರ್ಜೆಂಟ್ ಅಡ್ಡ ಬರಲಿಲ್ಲ. ಬೂಟಿಗೆ ಅಂಟಿದ ಟೊಮೇಟೊವನ್ನೇ ನೋಡುತ್ತಾ ನಿಂತ. ಮಗು ಹಗ್ಗದ ಮೇಲಿನಿಂದ ಅಕ್ಕನ ಕೈಗೆ ಹೋಯಿತು. ಎಲಿಕೆಮ್ ತಗಡಿನ ಮೇಲೆ ನೀರು ಎರಚಿದ. ಬಿಸಿಲಿಗೆ ಕಾದ ತಗಡು ಚುಂಯ್ ಎಂದಿತು. ತೊಟ್ಟು ಮೈಮೇಲೆ ಬಿದ್ದಾಗ ಮಗು ಕಿಟಾರನೆ ಕಿರುಚಿತು. ಅಕ್ಕ ಅದರ ಕಿವಿಗೆ ಬಾಯಿಟ್ಟು ಪೂರ್ತಿ ಮಾತನ್ನು ಹೇಳಿದಳು. ‘ಒಳಗೆ ಬಾ’ ಎನ್ನುವಾಗ ಅವಳ ಧ್ವನಿ ಒಡೆಯಿತು. ಆ ಒಳಗೆ ಅವಳೇ ಬರುವಂತಿರಲಿಲ್ಲ.

ಚಪ್ಪಾಳೆ ಕೇಳಿಸಿತು. ಮಂತ್ರಿ ವೇದಿಕೆಯಿಂದ ಇಳಿದು, ಕ್ಯಾಮೆರಾದವರನ್ನು ಹಿಂದಿಟ್ಟುಕೊಂಡು ಬರುತ್ತಿದ್ದರು. “ಎಂಥ ಸುಂದರ ಸಂಸ್ಕೃತಿ! ಇದನ್ನೇ ನಾನು ಹೇಳಿದ್ದು. ಮಗುನ ನನ್ನ ಕೈಗೆ ಕೊಡೋಕೆ ಹೇಳಿ, ಒಂದು ಫೋಟೊ ಆಗ್ಲಿ,” ಎಂದು ಎರಡೂ ಕೈ ಚಾಚಿದರು.

ನಾನು ಅದನ್ನು ಅಕ್ಕನಿಗೆ ತಿಳಿಸಿದೆ.

“ಕೊಡ್ತೀನಂತೆ ಅನ್ನು,” ಅಕ್ಕ ಮಗುವನ್ನು ಎದೆಗೊತ್ತಿಕೊಂಡಳು. “ಹಗ್ಗ ದಾಟಿ ಈಚೆ ಬಂದು ಇಸ್ಕೊಳ್ಳಲಿ.”

ಇಂಗ್ಲಿಷಿನಲ್ಲಿ ಹೇಳಿದೆ. ಮಂತ್ರಿ ನಗುತ್ತಲೇ ಒಂದು ಕಾಲು ಎತ್ತಿದರು. ಅಸಾಮೋವಾ ಓಡಿಬಂದು ಅವರ ಮೊಣಕೈ ಹಿಡಿದು, ಕಿವಿಯ ಹತ್ತಿರ ಬಗ್ಗಿ, “ಸರ್, ಬೇಡ, ಆಚೆ ಕಾಲಿಡಬೇಕಾದ್ರೆ ಆ ಸರ್ಕಾರದ ಒಪ್ಪಿಗೆ ಬೇಕು,” ಎಂದರು.

ನಾನು ವೇದಿಕೆಗೆ ಹೋಗಿ ಮೈಕು ತೆಗೆದುಕೊಂಡೆ. ಆ ಮಾತನ್ನೂ ಅನುವಾದಿಸಿದೆ, ಮೊದಲು ಫ್ರೆಂಚ್‌ನಲ್ಲಿ, ಆಮೇಲೆ ಎವೆಯಲ್ಲಿ, ಒಂದು ಪದವನ್ನೂ ಬಿಡದೆ.