ಗಾಳಿದಿಂಬು

1936ನೆಯ ಇಸವಿ ಡಿಸೆಂಬರ್ 6, ರವಿವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷ. ಪುಣೆಯ ಸದಾಶಿವ ಪೇಠೆಯ ಓಣಿಯಲ್ಲಿ, ಎರಡು ಸೀಟಿನ ಕೆಂಪು ಮೋಟಾರಿನ ಬಾಗಿಲು ಹಿಡಿದುಕೊಂಡು ಪ್ರಲ್ಹಾದ ತನ್ನ ಚಿಕ್ಕಮ್ಮ ಗೋದಾ ಕಾಕುವಿಗಾಗಿ ಕಾಯುತ್ತಿದ್ದ.

ಮೋಟಾರು ಅವನದಲ್ಲ. ಸೋದರತ್ತೆಯ ಮಗ, ವಕೀಲ ಬಾಳಕೃಷ್ಣನದು. ವಿಲಾಯತಿಗೆ ಹೊರಟುನಿಂತ ದಂಡಿನ ಸಾಹೇಬನೊಬ್ಬ ಅದನ್ನು ಅವನಿಗೆ ಮಾರಿ ಹೋಗಿದ್ದ. ರೇಸಿಗೆಂದೇ ಮಾಡಿದ ಗಾಡಿ. ಅದರ ಉಕ್ಕಿನ ಕಮಾನುಗಳು, ಅಂದರೆ ಸ್ಪ್ರಿಂಗುಗಳು, ಎಷ್ಟು ಬಿಗಿ ಎಂದರೆ, ಶೇಂಗಾ ಸಿಪ್ಪೆಯ ಮೇಲೆ ಹಾಯ್ದರೂ ಬೆನ್ನಿಗೆ ಗೊತ್ತಾಗುತ್ತದೆ ಎಂದು ಬಾಳಕೃಷ್ಣನೇ ನಗುತ್ತಿದ್ದ. ಈ ಗಾಡಿಯನ್ನು ಮೆತ್ತಗೆ ಮಾಡುವ ಕೆಲಸವನ್ನು ಪ್ರಲ್ಹಾದ ತಾನಾಗಿಯೇ ಕೇಳಿ ಪಡೆದಿದ್ದ. ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆ ನೋಡಿಕೊಳ್ಳುವವನು. ಅಳೆದು ಬರೆದಿಡದ ಹೊರತು ಅವನಿಗೆ ಯಾವುದೂ ಖಾತ್ರಿಯಾಗುತ್ತಿರಲಿಲ್ಲ.

ಕಾರಣ ಕಾಕುವೇ. ಮನೆದೇವರ ಪೆಟ್ಟಿಗೆ ಅಣ್ಣತಮ್ಮಂದಿರ ಮನೆಗಳಲ್ಲಿ ಸರದಿಯ ಮೇಲೆ ಒಂದೊಂದು ವರ್ಷ ಇರುವುದು ಅವರ ಮನೆತನದ ಪದ್ಧತಿ. ಪುಣೆಯ ವರ್ಷ ಮುಗಿದಿತ್ತು. ಇನ್ನು ದೇವರು ಭೋರಿನಲ್ಲಿದ್ದ ದೊಡ್ಡಪ್ಪ ಹರಿಶ್ಚಂದ್ರರ ಮನೆಗೆ ಹೋಗಬೇಕು. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಕಾಕು ದೇವರ ಹಿಂದೆಯೇ ಮನೆಯಿಂದ ಮನೆಗೆ ಹೋಗುತ್ತ ಬಂದಿದ್ದಳು. ಹೂವು ಬಿಡಿಸುವುದು, ಗಂಧ ತೇಯುವುದು, ಬತ್ತಿ ಹೊಸೆಯುವುದು, ಇಷ್ಟೇ ಅವಳ ದಿನ. ಹೋದ ಸಲ ಎತ್ತಿನ ಗಾಡಿಯಲ್ಲಿ ಹೋಗಿ ಹದಿನೈದು ದಿನ ಸೊಂಟ ಹಿಡಿದುಕೊಂಡಿತ್ತು. ಬಸ್ಸಿನ ಗರ್ದಿಯಲ್ಲಿ ದೇವರನ್ನು ಒಯ್ಯಲು ಆಕೆ ಒಪ್ಪುವವಳಲ್ಲ. "ಮೋಟಾರದಾಗ ಕರಕೊಂಡು ಹೋಗ್ತೀನಿ ಕಾಕು, ಹಾಸಿಗಿ ಮ್ಯಾಲ ಮಲಗಿಧಂಗ" ಎಂದು ಪ್ರಲ್ಹಾದ ಮಾತು ಕೊಟ್ಟಿದ್ದ.

ಒಂದು ತಿಂಗಳು ದುಡಿದ. ಕಮಾನುಗಳಿಂದ ಒಂದೊಂದು ಪಟ್ಟಿ ತೆಗೆದ. ಕಮಾನಿನ ಕುಣಿತವನ್ನು ಒತ್ತಿ ಹಿಡಿಯುವ ಬಿಲ್ಲೆಗಳನ್ನು ಸಡಿಲಿಸಿದ. ಸೀಟಿನ ಮೇಲೆ ಒಳಗೆ ರಬ್ಬರಿನ ಚೀಲ, ಹೊರಗೆ ಚರ್ಮದ ಹೊದಿಕೆ ಇದ್ದ ಗಾಳಿದಿಂಬೊಂದನ್ನು ಕೂರಿಸಿದ. ಪ್ರತಿ ಸಲವೂ ಅಂಚಿನವರೆಗೆ ನೀರು ತುಂಬಿದ ತಂಬಿಗೆಯನ್ನು ಸೀಟಿಗೆ ಕಟ್ಟಿ, ಪರ್ವತಿಯ ಗುಡ್ಡದ ಕೆಳಗಿನ ಹಾಳು ರಸ್ತೆಯಲ್ಲಿ ಒಂದು ಮೈಲಿ ಓಡಿಸಿ, ಚೆಲ್ಲಿದ ನೀರನ್ನು ತೂಕ ಹಾಕಿದ. ಟಿಪ್ಪಣಿ ಪುಸ್ತಕದಲ್ಲಿ ಮೂರು ಸಾಲು. ಮೊದಲಿದ್ದ ಗಾಡಿ: ಹದಿನಾಲ್ಕು ತೊಲ. ಬದಲಾಯಿಸಿದ ಗಾಡಿ, ದಿಂಬಿನೊಂದಿಗೆ: ಮೂರು ತೊಲ. ಬದಲಾಯಿಸಿದ ಗಾಡಿ, ದಿಂಬಿಲ್ಲದೆ: ಹತ್ತೊಂಬತ್ತು ತೊಲ. ಮೊದಲೆರಡು ಸಾಲುಗಳನ್ನು ಮನೆಮಂದಿಗೆಲ್ಲ ಓದಿ ಹೇಳಿದ್ದ. ದಿಂಬು ಇದ್ದೇ ಇರುತ್ತದಲ್ಲ ಎಂದು ಮೂರನೆಯದನ್ನು ಯಾರಿಗೂ ಹೇಳಿರಲಿಲ್ಲ.

ಕಾಕು ಸ್ನಾನ ಮಾಡಿ, ಮಡಿಯ ಪಟ್ಟೆಸೀರೆ ಉಟ್ಟು, ದೇವರ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಗೆ ಬಂದಳು. ಸೀಟನ್ನು ನೋಡಿ ನಿಂತುಬಿಟ್ಟಳು.

"ಇದೇನೋ, ಚರ್ಮದ್ದು?"

ಕಾಕುವಿನ ಅಡುಗೆಮನೆಯ ಹೊಸ್ತಿಲು ದಾಟುವ ಮೊದಲು ಕೈಗಡಿಯಾರದ ಚರ್ಮದ ಪಟ್ಟಿ ಬಿಚ್ಚಿ ಗೂಡಿನಲ್ಲಿಟ್ಟು ಹೋಗುವುದು ಪ್ರಲ್ಹಾದನಿಗೆ ಮೊದಲಿನಿಂದಲೂ ರೂಢಿ. ಹಾಗಿದ್ದೂ ತಿಂಗಳುದ್ದಕ್ಕೂ ಈ ದಿಂಬನ್ನು ಒತ್ತಿ, ಊದಿ, ತೂಗಿ ನೋಡಿದವನಿಗೆ ಇದೊಂದು ಹೊಳೆದಿರಲಿಲ್ಲ.

"ದೇವರು ತೊಡಿ ಮ್ಯಾಲ, ಚರ್ಮ ತೊಡಿ ಕೆಳಗ! ಭಾಳ ಛಂದ ಆತು. ತಗಿ ಅದನ್ನ. ಒಂದು ಕಟ್ಟಿಗಿ ಮಣಿ ತಂದು ಹಾಕು, ಮ್ಯಾಲ ನನ್ನ ಧಾಬಳಿ ಹಾಸು."

ದಿಂಬು ಹೊರಬಂತು. ಸೀಟಿನ ಹಲಗೆಯ ಮೇಲೆ ಮಣೆ, ಮಣೆಯ ಮೇಲೆ ಎರಡು ಪದರು ಉಣ್ಣೆಯ ಧಾಬಳಿ. ಬೀಳ್ಕೊಡಲು ಬಂದಿದ್ದ ಬಾಳಕೃಷ್ಣ ಕಣ್ಣು ಮಿಟುಕಿಸಿದ. "ಏನ್ರಿ ಶಾಸ್ತ್ರಜ್ಞರಽ, ನಿಮ್ಮ ಇಂದ್ರನ ಸಿಂಹಾಸನ ಇಳಿಸಿಬಿಟ್ಟರಲ್ಲ! ದಿಂಬಿಲ್ದ ನಡೀತದೇನು?"

ಇಲ್ಲ ಎನ್ನಬೇಕಿತ್ತು. ಪುಸ್ತಕ ಅಂಗಿಯ ಕಿಸೆಯಲ್ಲೇ ಇತ್ತು. ಆದರೆ ಇಲ್ಲ ಎಂದರೆ, ಒಂದು ತಿಂಗಳು ದುಡಿದು ಗಾಡಿಯನ್ನು ಮೊದಲಿಗಿಂತ ಕೆಡಿಸಿಟ್ಟೆ ಎಂದು ಓಣಿಯ ಮಂದಿಯ ಎದುರು ಒಪ್ಪಿಕೊಂಡಂತೆ.

"ನಡೀತದ" ಎಂದ ಪ್ರಲ್ಹಾದ.

ಕಾತ್ರಜದ ಘಾಟಿನವರೆಗೆ ತಾಸಿಗೆ ಹನ್ನೆರಡು ಮೈಲಿಗಿಂತ ಹೆಚ್ಚು ಓಡಿಸಲಿಲ್ಲ. ಕಾಕು ಪೆಟ್ಟಿಗೆಯ ಮೇಲೆ ಎರಡೂ ಕೈ ಇಟ್ಟು ಬಾಯಲ್ಲಿ ಸ್ತೋತ್ರ ಹೇಳಿಕೊಳ್ಳುತ್ತಿದ್ದಳು. ಗಾಡಿ ಜಿಗಿದಾಗಲೊಮ್ಮೆ ಸ್ತೋತ್ರ ನಡುವೆ ಕಡಿದು, ಮತ್ತೆ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಎಷ್ಟು ಸಲ ಕಡಿಯಿತು ಎಂದು ಅವನು ಬೇಡವೆಂದರೂ ಎಣಿಸಿದ. ಮೂವತ್ತೊಂದರವರೆಗೆ ಲೆಕ್ಕ ಸಿಕ್ಕಿತು. ತಿರುಗಿ ಹೋಗೋಣವೆ ಎಂದು ಎರಡು ಸಲ ಬಾಯಿಗೆ ಬಂತು. ಎರಡು ಸಲವೂ ನುಂಗಿದ.

ಘಾಟಿನ ಸುರಂಗ ದಾಟಿ ಇಳಿಯುವಾಗ ಎದುರಿಗೆ ಹುಲ್ಲಿನ ಬಂಡಿಗಳು ಬಂದವು. ಪಕ್ಕಕ್ಕೆ ತಿರುವಿದ. ಅಲ್ಲೊಂದು ಮೋರಿಯ ಉಬ್ಬು. ಮೊದಲಿನ ಬಿಗಿ ಕಮಾನಾಗಿದ್ದರೆ ಒಂದೇ ಏಟು, ಅಲ್ಲಿಗೆ ಮುಗಿಯುತ್ತಿತ್ತು. ಅವನು ಸಡಿಲಿಸಿದ ಗಾಡಿ ಮೂರು ಸಲ ಎದ್ದು ಮೂರು ಸಲ ಬಿತ್ತು. ಮೂರನೆಯ ಸಲ ಮಣೆ ಹಲಗೆಗೆ ಬಡಿದದ್ದು ಗುಂಡು ಹಾರಿದಂತೆ ಕೇಳಿಸಿತು.

"ಕಾಕು?"

"ದೇವರು ಛಲೋ ಇದ್ದಾರ," ಎಂದಳು ಕಾಕು. ಮುಖ ಬಿಳಿಚಿತ್ತು. "ನೀ ಮುಂದ ನಡಿ. ನೈವೇದ್ಯಕ್ಕ ಹೊತ್ತಾಗ್ತದ."

ಭೋರಿನಲ್ಲಿ ಅವಳನ್ನು ಮಣೆಸಮೇತ ಎತ್ತಿ ಇಳಿಸಬೇಕಾಯಿತು. ಸೊಂಟದ ಹತ್ತಿರ ಬೆನ್ನೆಲುಬಿನ ಒಂದು ಮಣಿ ಜಜ್ಜಿಹೋಗಿದೆ, ಎರಡು ತಿಂಗಳು ಮಲಗಿಯೇ ಇರಬೇಕು ಎಂದರು ಡಾಕ್ಟರು. ಪ್ರಲ್ಹಾದ ಸಂಜೆ ಒಬ್ಬನೇ ಪುಣೆಗೆ ಮರಳಿದ. ಬಾಳಕೃಷ್ಣ ಕೇಳಿದ್ದಕ್ಕೆ "ರಸ್ತಾ ಭಾಳ ಖರಾಬ ಇತ್ತು" ಎಂದ. ಅದೂ ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆ ವಾರ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಹೊಂದದ ಅಂಕಿಯೊಂದನ್ನು ರಬ್ಬರಿನಿಂದ ಅಳಿಸುವುದು ಕಣ್ಣಿಗೆ ಬಿತ್ತು. ಎಂದಿನಂತೆ ಗದರಿಸದೆ ಮುಂದಿನ ಮೇಜಿಗೆ ಹೋದ.

ಮುಂದಿನ ರವಿವಾರ ಬಸ್ಸಿನಲ್ಲಿ ಭೋರಿಗೆ ಹೋದ. ಬಾಗಿಲಲ್ಲೇ ದೊಡ್ಡಮ್ಮ ರಂಗೂಬಾಯಿ ತಡೆದಳು.

"ನೀನರೆ ಹೇಳಪ್ಪ ಅಕಿಗೆ. ಡಾಕ್ಟರು ಹಾಲು ಅಂತಾರ, ಗಂಜಿ ಅಂತಾರ; ಅಕಿ ಬರೇ ತುಳಸಿ ನೀರು ಅಂತಾಳ. ಹೊಟ್ಟಿಗಿಲ್ಲದ ಎಲುಬು ಕೂಡೂದಿಲ್ಲ, ಜೀವಕ್ಕ ಅಪಾಯ ಆದೀತು ಅಂತ ನಿನ್ನೆ ಬೈದು ಹೋದ್ರು."

ಕಾಕುವಿನ ಮುಖ ಎಂಟು ದಿನದಲ್ಲಿ ಅರ್ಧವಾಗಿತ್ತು. ದೊಡ್ಡಮ್ಮ ಆಚೆ ಹೋದ ಮೇಲೆ ಅವನನ್ನು ಹತ್ತಿರ ಕರೆದಳು.

"ನಿನಗೊಬ್ಬಗ ಹೇಳ್ತೀನಿ. ಘಾಟಿನ್ಯಾಗ ನನ್ನ ಮೊಣಕೈ ಬಾಗಲದ ಒಳಗ ಹಚ್ಚಿದ ಚರ್ಮಕ್ಕ ತಾಗಿತ್ತು. ಗೊತ್ತಾಗಿನೂ ಸುಮ್ಮನ ಕೂತೆ. ದೇವರು ತೊಡಿ ಮ್ಯಾಲ ಇದ್ದರಲ್ಲೋ! ಅದಕ್ಕಽ ಹಿಂಗ ಮುರದು ಹಾಕ್ಯಾರ. ಒಂದು ಮಂಡಲ ಉಪವಾಸ ಮಾಡ್ತೀನಿ ಅಂತ ಬೇಡಿಕೊಂಡೀನಿ. ನೀ ಛಲೋ ತಂದಿ, ನಿಂದೇನು ತಪ್ಪಿಲ್ಲ."

ನಲವತ್ತೆಂಟು ದಿನ. ಆ ದೇಹ ಇನ್ನು ಎಂಟು ದಿನವೂ ತಡೆಯುವ ಹಾಗಿರಲಿಲ್ಲ. ಪ್ರಲ್ಹಾದ ಕಿಸೆಯಿಂದ ಪುಸ್ತಕ ತೆಗೆದ. ಮೂರು ಸಾಲನ್ನೂ ಓದಿದ.

"ತೊಲ ಗಿಲ ನನಗ ತಿಳಿಯೂದಿಲ್ಲ. ಬಿಡಿಸಿ ಹೇಳು."

"ದಿಂಬು ತಗದ್ರ ಗಾಡಿ ಮೊದಲಿಗಿಂತ ಜಾಸ್ತಿ ಎತ್ತಿ ಒಗೀತದ ಅಂತ ನನಗ ಗೊತ್ತಿತ್ತು ಕಾಕು. ನೀವು ಮಣಿ ಹಾಕಸಿದಾಗ ಹೇಳಬೇಕಿತ್ತು. ಮಂದಿ ನಗ್ತಾರ ಅಂತ ಹೇಳಲಿಲ್ಲ. ಬಾಳಕೃಷ್ಣ ಕೇಳಿದ್ರೂ ನಡೀತದ ಅಂದೆ."

ಕಾಕು ಮೆಲ್ಲಗೆ ಅವನ ಕಡೆಗೆ ಮುಖ ತಿರುಗಿಸಿದಳು.

"ಹಂಗಾದ್ರ ದೇವರ ಸಿಟ್ಟಲ್ಲ?"

"ಅಲ್ಲ ಕಾಕು. ನನ್ನ ಸೊಕ್ಕು."

"ಎಂಟು ದಿನ ನಾ ಉಪವಾಸ ಬಿದ್ದದ್ದು ನಿನ್ನ ಸೊಕ್ಕಿಗೇನು?"

ಅವನು ಪುಸ್ತಕ ಮುಚ್ಚಿದ.

"ಅಕ್ಕಾ," ಎಂದು ಕಾಕು ಒಳಗೆ ಕೂಗಿದಳು, "ಗಂಜಿ ತಗೊಂಡು ಬರ್ರಿ. ಉಪ್ಪು ಮುಂದಾಗಿ ಹಾಕ್ರಿ." ಅವನತ್ತ ಬೆನ್ನು ತಿರುಗಿಸಲು ಅವಳಿಗೆ ಆಗುತ್ತಿರಲಿಲ್ಲ, ಮುಖವನ್ನಷ್ಟೇ ಗೋಡೆಗೆ ಮಾಡಿದಳು.

ಆಮೇಲೆ ಪ್ರತಿ ರವಿವಾರವೂ ಅವನು ಹೋದ. ಹಣ್ಣು ಇಟ್ಟರೆ ತಿಂದಳು, ಕಾಲೊತ್ತಿದರೆ ಒತ್ತಿಸಿಕೊಂಡಳು, ಮಾತು ಮಾತ್ರ ಇಲ್ಲ. ಬಾಳಕೃಷ್ಣನಿಗೂ ನಿಜ ಹೇಳಿದ್ದ. ಅವನು ಬೈಯಲಿಲ್ಲ, "ನಾ ವಕೀಲ ಇದ್ದೂ ಇನ್ನೊಂದು ಪ್ರಶ್ನೆ ಕೇಳಲಿಲ್ಲಲ್ಲೋ" ಎಂದ ಅಷ್ಟೇ. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಫೆಬ್ರುವರಿ 14ಕ್ಕೆ ಡಾಕ್ಟರು ಕಾಕುವಿಗೆ ಎದ್ದು ಕೂರಲು ಅಪ್ಪಣೆ ಕೊಟ್ಟರು. ಆದರೆ ನೆಲದ ಮೇಲೆ ಕಾಲು ಮಡಿಚಿ ಕೂರುವುದು ಇನ್ನು ಜನ್ಮದಲ್ಲಿ ಆಗದು ಎಂದರು. ನೆಲದ ಮೇಲೆ ಕೂರದೆ ಗಂಧ ತೇಯುವುದು ಹೇಗೆ? ಕಾಕು ದೇವರಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತು, ಒಂಬತ್ತು ವಾರಗಳ ಮೇಲೆ ಅವನೊಡನೆ ಬಾಯಿ ಬಿಟ್ಟಳು.

"ಅಳತೀ ಟೇಪ ತಂದೀಯೇನು?"

"ತಂದೀನ್ರಿ."

"ನಾ ಎಷ್ಟು ಎತ್ತರ ಕೂತ್ರ ನೋಯೂದಿಲ್ಲ, ಅಳದು ನೋಡು. ಅಷ್ಟಽ ಎತ್ತರ ಒಂದು ಕಟ್ಟಿಗಿ ಪೀಠ ಮಾಡಸು, ತೇಯೂ ಕಲ್ಲಿಗೂ ಒಂದು. ಈ ಸಲ ನಾ ಹೇಳಿದ್ದು ಬರಿ. ನೀ ತಿಳಕೊಂಡದ್ದಲ್ಲ."

ಬಡಗಿಯ ಮನೆಯಿಂದ ತೆಳ್ಳನೆಯ ಹಲಗೆ ತುಂಡುಗಳನ್ನು ತಂದು, ತೊಳೆದು, ಒಂದರ ಮೇಲೊಂದು ಪೇರಿಸಿದ. ಕಾಕು ಕೂರುವುದು, "ನೋಯ್ತದ" ಎನ್ನುವುದು. ಎಬ್ಬಿಸಿ ಅವನು ಇನ್ನೊಂದು ಹಾಕುವುದು. ಒಂದು ಹಂತದಲ್ಲಿ ಆಕೆ ದಣಿದು "ಸಾಕು, ಇದಽ ಇರಲಿ" ಎಂದಳು. ಆದರೆ ತುಟಿ ಬಿಗಿದಿತ್ತು.

"ಕಾಕು, ಖರೇ ಹೇಳ್ರಿ."

"ಖರೇ ಹೇಳೂದು ನೀ ನನಗ ಕಲಸ್ತೀಯೇನೋ?" ಎಂದು ಗದರಿಸಿದಳು. ಅವನು ಮಂಡಿಯೂರಿದ್ದಲ್ಲಿಂದ ಕದಲಲಿಲ್ಲ. ಕಾಕು ಉಸಿರು ಬಿಟ್ಟು, "ನೋಯ್ತದ. ಹಾಕು ಇನ್ನೊಂದು" ಎಂದಳು.

ಇನ್ನೊಂದು ಹಾಕಿದ. ಕೂತಳು. ಸೊಂಟ ಹೊರಳಿಸಿ ನೋಡಿದಳು, ಕೈ ಚಾಚಿ ಇಲ್ಲದ ಕಲ್ಲಿನ ಮೇಲೆ ಇಲ್ಲದ ಗಂಧವನ್ನು ನಾಲ್ಕು ಸುತ್ತು ತೇಯ್ದು ನೋಡಿದಳು.

"ಈಗಿಲ್ಲ. ಬರಕೋ."

ಪ್ರಲ್ಹಾದ ಟೇಪು ಹಿಡಿದು, ಎರಡು ಸಲ ಅಳೆದು, ಬರೆದುಕೊಂಡ. ನೆಲದಿಂದ ಹದಿನಾರೂ ಕಾಲು ಅಂಗುಲ.