ನಲವತ್ತೊಂದು ಹೊಸ ಪುಸ್ತಕ

ಗಂಟೆ ಹತ್ತಾಗುತ್ತಿದ್ದಂತೆ ಗಣಿತದ ಟೀಚರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಾಜರಿ ಕರೆಯುವ ಹೊತ್ತು ಅದು. ಆದರೆ ಈ ಪಠ್ಯಪುಸ್ತಕಗಳ ಉಗ್ರಾಣದಲ್ಲಿ ಹಾಜರಿ ಹೇಳಲು ಯಾರಿದ್ದಾರೆ? ಚಾವಣಿ ಮುಟ್ಟುವಷ್ಟು ಪುಸ್ತಕದ ಕಟ್ಟುಗಳು, ಒಂದು ಏಣಿ, ಸಣಬಿನ ಹುರಿಯ ವಾಸನೆ, ಮತ್ತೆ ಒಬ್ಬ ಗುಮಾಸ್ತರು. ಗುಮಾಸ್ತರು ಒಳ್ಳೆಯವರೇ. ಆದರೆ ನಮೂನೆಯಲ್ಲಿ ಒಂದು ಕಲಂ ಖಾಲಿ ಬಿಟ್ಟರೆ ದೇವರೇ ಬಂದು ನಿಂತರೂ ಪುಸ್ತಕ ಕೊಡುವ ಪೈಕಿ ಅಲ್ಲ.

ಅವಳನ್ನು ಇಲ್ಲಿಗೆ ಹಾಕಿ ಆರು ವಾರವಾಗಿತ್ತು. ವಿಚಾರಣೆ ಮುಗಿಯುವ ತನಕ ಎಂದು ಆದೇಶದಲ್ಲಿತ್ತು; ವಿಚಾರಣೆ ಶುರುವಾದ ಸುದ್ದಿಯೇ ಇರಲಿಲ್ಲ.

ಮಾಡಿದ್ದು ಇಷ್ಟೆ. ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಊಟ ಮುಗಿಸಿ, ಕಾಲು ಚಾಚಿ ಕೂತು, ತನ್ನ ಫೋನಿನಿಂದ ಒಂದು ಚಿತ್ರ ಹಾಕಿದ್ದಳು. ಶಾಲೆಯ ಪುಸ್ತಕದ ಒಳರಟ್ಟಿನಲ್ಲಿ ಒಂದು ಚೌಕವಿರುತ್ತದೆ. ವರ್ಷಕ್ಕೊಂದು ಮಗು ಹೆಸರು ಬರೆಯಲೆಂದು ಅದರಲ್ಲಿ ಐದು ಗೆರೆ. ಐದೂ ತುಂಬಿದ ಪುಸ್ತಕವನ್ನು ರದ್ದಿಗೆ ಹಾಕಬೇಕೆಂಬುದು ನಿಯಮ. ಅವಳು ಹಾಕಿದ ಚಿತ್ರದಲ್ಲಿ ಎಂಟು ಹೆಸರಿದ್ದವು, ಕೊನೆಯ ಮೂರು ಚೌಕದ ಹೊರಗೆ, ರಟ್ಟಿನ ಅಂಚಿಗೆ ಇರುಕಿಕೊಂಡು. ಯಾವ ಮಗುವಿನ ಹೆಸರೂ ಬಯಲಾಗದಂತೆ, ಮೊದಲ ಅಕ್ಷರವಷ್ಟೇ ಕಾಣುವ ಹಾಗೆ ಕಾಗದದ ಚೂರು ಮುಚ್ಚಿಯೇ ಚಿತ್ರ ತೆಗೆದಿದ್ದಳು. ಕೆಳಗೆ ಬರೆದದ್ದು ಎರಡು ಸಾಲು: ‘ಇದು ನಮ್ಮ ಬಿ ಕೋಣೆಯ ಪುಸ್ತಕ. ಗೋಡೆಯ ಆಚೆ ಎ ಕೋಣೆಯಲ್ಲಿ ವರ್ಷ ವರ್ಷವೂ ಹೊಸದು, ಯಾಕೆ?’

ಎ ಕೋಣೆಯಲ್ಲಿ ಮುಂದಿನ ಬೀದಿಗಳ ಮಕ್ಕಳು. ಬಿ ಕೋಣೆಯಲ್ಲಿ ರೈಲುಗೇಟಿನ ಆಚೆಯ ತಗಡಿನ ಶೆಡ್ಡುಗಳ ಮಕ್ಕಳು. ಹಾಗೆಂದು ಎಲ್ಲೂ ಬರೆದಿಲ್ಲ. ಸೇರಿಸಿಕೊಳ್ಳುವಾಗ ವಿಳಾಸ ನೋಡುತ್ತಾರೆ, ಪಟ್ಟಿ ತಾನಾಗಿಯೇ ಹಾಗೆ ಬರುತ್ತದೆ. ಸರ್ಕಾರಿ ಶಾಲೆಗಳಲ್ಲಿ ಎಷ್ಟೊಂದು ಸಂಗತಿಗಳು ತಾನಾಗಿಯೇ ಆಗುತ್ತವೆ ಎಂದು ಎಣಿಸಹೊರಟರೆ ಬೆರಳು ಸಾಲದು.

ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ತರರು ಅವಳನ್ನು ಕರೆಸಿ, ಬಾಗಿಲು ಮುಂದೆ ಮಾಡಿ ಹೇಳಿದ್ದರು: “ಭಾನುವಾರ ಅಂದ್ಬಿಟ್ರೆ ಆಗೋಯ್ತೇನಮ್ಮ? ಭಾನುವಾರನೂ ನೀವು ಸರ್ಕಾರಿ ಟೀಚರೇ.”

“ಹಾಗಾದ್ರೆ ಭಾನುವಾರನೂ ಅವರು ನನ್ನ ಮಕ್ಕಳೇ ಅಲ್ವಾ ಸಾರ್?” ಅಂದಿದ್ದಳು. ಚಿತ್ರಕ್ಕಿಂತ ಈ ಮಾತೇ ಅವಳಿಗೆ ಮುಳುವಾಯಿತು.

ಮನೆಯಲ್ಲಿ ಅತ್ತೆ ತಲೆ ಚಚ್ಚಿಕೊಂಡರು. “ಬಾಯಿ ಮುಚ್ಕೊಂಡಿರೋದಕ್ಕೆ ನಿಂಗೇನಾಗಿತ್ತೇ?” ಎಂದರು. “ಬಾಯಿ ಮುಚ್ಕೊಂಡೇ ಇದ್ದೆ ಅತ್ತೆ, ಬೆರಳಲ್ಲಿ ಬರೆದೆ ಅಷ್ಟೆ” ಅಂದಾಗ ಅತ್ತೆ ನಗು ತಡೆಯಲಾರದೆ ಒಳಗೆ ಹೋದರು. ಆಮೇಲೆ ಅಡುಗೆಮನೆಯಲ್ಲಿ ಮೂಗು ಒರೆಸಿಕೊಂಡ ಸದ್ದೂ ಕೇಳಿಸಿತು.

ಅವಳಿಗೆ ಆ ಬಿ ಕೋಣೆ ಬೇಕಿತ್ತು. ಸುತ್ತಿ ಬಳಸಿ ಹೇಳುವುದೇಕೆ, ಹೊಸದಾಗಿ ಮದುವೆಯಾದವಳು ತವರನ್ನು ನೆನೆಯುವ ಹಾಗೆ ಅವಳು ಐದನೇ ಬಿ ತರಗತಿಯನ್ನು ನೆನೆಯುತ್ತಿದ್ದಳು. ಭಿನ್ನರಾಶಿಯ ಪಾಠ ನಡುವೆಯೇ ನಿಂತುಹೋಗಿತ್ತು. ಕಾಗದವನ್ನು ಅರ್ಧ, ಕಾಲು, ಅರೆಕಾಲು ಎಂದು ಮಡಿಸುವುದು ಕಲಿಸಿ, ಬಿಚ್ಚಿ ಎಣಿಸುವುದು ನಾಳೆ ಎಂದು ಹೇಳಿ ಬಂದಿದ್ದಳು. ಆ ನಾಳೆ ಬರಲೇ ಇಲ್ಲ. ಮಕ್ಕಳು ಕಾಗದ ಬಿಚ್ಚಿರಬಹುದೇ, ಇಲ್ಲ ಮಡಿಸಿಯೇ ಇಟ್ಟುಕೊಂಡಿರಬಹುದೇ? ಹದಿನೇಳನೇ ನಂಬರಿನ ಹುಡುಗಿಯನ್ನು ಎಲ್ಲರೂ ಗುಬ್ಬಿ ಅನ್ನುತ್ತಿದ್ದರು. ಹೆಸರು ಕರೆದರೆ ಅವಳ ಗಮನ ಕಿಟಕಿಯಾಚೆ. ಪಕ್ಕದವಳು ತಿವಿದ ಮೇಲೆ ಎದ್ದು, “ಇದ್ದೀನಿ ಮಿಸ್, ಇಲ್ಲೇ ಇದ್ದೀನಿ” ಅನ್ನುತ್ತಿದ್ದಳು. ಆ ಒಂದು ದನಿ ಕೇಳಲು ಟೀಚರ ಕಿವಿ ಹಾತೊರೆಯುತ್ತಿತ್ತು.

ಶುಕ್ರವಾರ ಹೆಡ್‌ಮಾಸ್ತರರಿಂದ ಲಕೋಟೆ ಬಂತು, ಹಿಂದೆಯೇ ಫೋನೂ ಬಂತು.

“ಎರಡು ಕಾಗದ ಇದೆ ನೋಡಮ್ಮ, ಎರಡಕ್ಕೂ ಸಹಿ ಹಾಕಿ ಕಳಿಸಿ. ಸೋಮವಾರ ಕ್ಲಾಸಿಗೆ ಬನ್ನಿ. ಮೇಲಿನೋರ ಹತ್ರ ನಾನೇ ಮಾತಾಡಿದೀನಿ. ಮಕ್ಕಳೂ ಕೇಳ್ತಿರ್ತಾರೆ.”

“ಕೇಳ್ತಾರಾ ಸಾರ್?”

“ದಿನಾ ಕೇಳ್ತಾರೆ.”

ಅವಳು ಫೋನು ಇಟ್ಟು ಲಕೋಟೆ ಒಡೆದಳು. ಮೊದಲನೆಯ ಕಾಗದ ತಪ್ಪೊಪ್ಪಿಗೆ: ‘ನಮ್ಮ ಶಾಲೆಯಲ್ಲಿ ಯಾವ ಭೇದಭಾವವೂ ಇಲ್ಲ. ನಾನು ತಪ್ಪು ತಿಳಿದು ಬರೆದೆ. ರಜೆಯ ದಿನವಾಗಲಿ ಬೇರೆ ದಿನವಾಗಲಿ ಇನ್ನು ಮುಂದೆ ಶಾಲೆಯ ವಿಷಯ ಬರೆಯುವುದಿಲ್ಲ.’ ಎರಡನೆಯದು ವರ್ಷದ ಎರಡನೇ ಭಾಗದ ಪುಸ್ತಕಗಳ ಬೇಡಿಕೆ ಪತ್ರ. ದಾಖಲೆಯಲ್ಲಿ ಐದನೇ ಬಿ ತರಗತಿಗೆ ಅವಳೇ ಶಿಕ್ಷಕಿ, ಆದ್ದರಿಂದ ಅವಳ ಸಹಿಯೇ ಬೇಕು. ಪತ್ರ ಎಂದಿನಂತೆ ಖಾಲಿ. ಹೆಡ್‌ಮಾಸ್ತರರ ಸಹಿ, ಮೊಹರು ಮಾತ್ರ ಮೊದಲೇ ಬಿದ್ದಿತ್ತು.

ಸಹಿ ಹಾಕುವುದೆಂದು ನಿರ್ಧರಿಸಿಬಿಟ್ಟಳು. ಎರಡು ಸಾಲಿನ ಹಟಕ್ಕೆ ನಲವತ್ತೊಂದು ಮಕ್ಕಳನ್ನು ಕಳೆದುಕೊಳ್ಳುವುದೇ? ಬೇಡಿಕೆ ಪತ್ರ ಸೇರಬೇಕಾದ ಕಡತವನ್ನು ಕಪಾಟಿನಿಂದ ತೆಗೆದಳು, ಹಳೆಯದರಲ್ಲಿ ಹೇಗೆ ತುಂಬಿದ್ದಾರೆ ನೋಡೋಣವೆಂದು ತಿರುವಿದಳು.

ಐದನೇ ಬಿ ತರಗತಿ. ಹೊಸ ಪುಸ್ತಕ: ಬೇಡ. ಹಳೆಯದೇ ಸಾಕು. ಅದರ ಹಿಂದಿನದು: ಹಳೆಯದೇ ಸಾಕು. ಆರು ವರ್ಷದ ಹನ್ನೊಂದು ಪತ್ರ, ಹನ್ನೊಂದರ ಕೆಳಗೂ ಒಂದೇ ಸಹಿ. ಕೊನೆಯ ಅಕ್ಷರಕ್ಕೆ ಉದ್ದ ಬಾಲ ಬಿಟ್ಟ ಆ ಸಹಿ ಅವಳದೇ.

ಸ್ಟಾಫ್‌ ರೂಮಿನ ಪದ್ಧತಿಯೇ ಹಾಗೆ. ಖಾಲಿ ಪತ್ರಗಳ ಕಟ್ಟು ಮೇಜಿನ ಮೇಲೆ ಬರುತ್ತದೆ. ಚಹಾ ಆರುವುದರೊಳಗೆ ಎಲ್ಲರೂ ಸರಸರನೆ ಸಹಿ ಗೀಚಿ ಪಕ್ಕಕ್ಕೆ ತಳ್ಳುತ್ತಾರೆ, ಆಮೇಲೆ ಯಾರೋ ತುಂಬುತ್ತಾರೆ. ಅವಳೂ ಗೀಚಿದ್ದಳು. ಯಾಕೆ ಎಂದು ಊರಿಗೆಲ್ಲ ಕೇಳಿದ್ದಳಲ್ಲ, ಉತ್ತರ ಅವಳದೇ ಸಹಿ ಹೊತ್ತು ಇಲ್ಲಿ ಕೂತಿತ್ತು.

ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. “ನಿಮ್ಮದೇ ಸಹಿ ಟೀಚರ್. ಪ್ರತಿ ಸಲ ನೋಡಿ ಅಂದ್ಕೋತಿದ್ದೆ, ಈಯಮ್ಮನಿಗೆ ಆ ಮಕ್ಕಳ ಮೇಲೆ ಅದೇನು ಕೋಪನೋ ಅಂತ.”

ಅವಳಿಗೆ ಅಳು ಬಂತು. ಅಲ್ಲೇ, ಕಟ್ಟುಗಳ ಮೇಲೆ ಕೂತು ಅತ್ತಳು. ಗುಮಾಸ್ತರು ಏನು ಮಾಡಬೇಕೆಂದು ತೋಚದೆ ಏಣಿಯನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿ ಇಟ್ಟರು.

ಆಮೇಲೆ ಅವಳು ಎದ್ದು ಪೆನ್ನು ತೆಗೆದುಕೊಂಡಳು. ಬೇಡಿಕೆ ಪತ್ರದ ಒಂದೊಂದು ಕಲಮನ್ನೂ ನಿಧಾನವಾಗಿ ಓದಿ ತುಂಬಿದಳು. ಹೊಸ ಪುಸ್ತಕ: ನಲವತ್ತೊಂದು. ಹಳೆಯದು: ಎಲ್ಲವೂ ರದ್ದಿಗೆ. ಸಹಿ ಹಾಕಿ ಗುಮಾಸ್ತರ ಮುಂದಿಟ್ಟಳು.

“ಇದಕ್ಕೆ ಪುಸ್ತಕ ಕೊಡ್ತೀರಾ ಅಣ್ಣ?”

ಗುಮಾಸ್ತರು ಮೇಲಿನಿಂದ ಕೆಳಗೆ ಓದಿದರು, ಮೊಹರನ್ನು ಬೆಳಕಿಗೆ ಹಿಡಿದರು. “ತರಗತಿ ಶಿಕ್ಷಕರು ತುಂಬಬೇಕು ಅಂತ ಇಲ್ಲೇ ಅಚ್ಚಾಗಿದೆ. ತುಂಬಿದೀರಿ. ಹೆಡ್‌ಮಾಸ್ತರರ ಸಹಿನೂ ಇದೆ. ಕೊಡದೆ ಏನ್ ಮಾಡ್ಲಿ?” ಎಂದವರು ದನಿ ತಗ್ಗಿಸಿದರು. “ಆ ಇನ್ನೊಂದು ಕಾಗದ?”

“ಅದು ಹಾಗೇ ಇರ್ಲಿ.”

“ಸೋಮವಾರ ನಿಮಗೆ ಕ್ಲಾಸು ಸಿಗಲ್ಲ ಟೀಚರ್. ಇದು ಗೊತ್ತಾದ್ಮೇಲೆ ಯಾವತ್ತೂ ಸಿಗದೇ ಇರಬಹುದು.”

“ಗೊತ್ತು” ಅಂದಳು.

ಪುಸ್ತಕದ ಗಾಡಿ ಮಧ್ಯಾಹ್ನವೇ ಹೊರಡುವುದಿತ್ತು. ಅವಳು ಹೊಸ ಕಟ್ಟುಗಳನ್ನು ಬಿಚ್ಚಿದಳು. ಒಂದರ ರಟ್ಟು ತೆರೆದು ನೋಡಿದಳು. ಚೌಕದಲ್ಲಿ ಐದು ಗೆರೆ, ಐದೂ ಖಾಲಿ. ಒಂದೊಂದೇ ಪುಸ್ತಕವನ್ನು ಪೆಟ್ಟಿಗೆಗೆ ಇಡುತ್ತ ಎಣಿಸತೊಡಗಿದಳು. ಒಂದು, ಎರಡು ಎಂದು ಎಣಿಸಲಿಲ್ಲ. ಹಾಜರಿ ಪುಸ್ತಕದ ಸಾಲಿನಲ್ಲೇ, ಒಂದು ಪುಸ್ತಕಕ್ಕೆ ಒಂದು ಮಗುವಿನ ಹೆಸರು ಕರೆದಳು. ಆರು ವಾರದಲ್ಲಿ ಒಂದು ಹೆಸರೂ ಮರೆತಿರಲಿಲ್ಲ. ಹದಿನೇಳನೆಯದಕ್ಕೆ ಬಂದಾಗ ಹೆಸರು ಕರೆದು, ಪುಸ್ತಕವನ್ನು ಕೈಯಲ್ಲೇ ಹಿಡಿದುಕೊಂಡು ಕಿಟಕಿಯ ಕಡೆ ನೋಡಿದಳು. ಪಕ್ಕದವಳು ತಿವಿಯುವಷ್ಟು ಹೊತ್ತು ಕಾದಳು. ಆಮೇಲೆ ಪೆಟ್ಟಿಗೆಯಲ್ಲಿಟ್ಟಳು.

ಗುಮಾಸ್ತರು ಹುರಿ ಹಿಡಿದು ಬಂದರು. “ಲೆಕ್ಕ ಸರಿ ಆಯ್ತಾ ಟೀಚರ್?”

“ಆಯ್ತು ಅಣ್ಣ” ಅಂದಳು. “ಇವತ್ತು ಎಲ್ಲಾರೂ ಬಂದಿದ್ದಾರೆ.”