ಮೈಕಿಗೆ ಬಿದ್ದ ಉಸಿರು

“ಉಸಿರು ಹಿಡ್ಕೊಂಡು ಬಡಿಯೇ ಮುಂಡೇದೆ. ಮೈಕಲ್ಲೆಲ್ಲಾ ನಿನ್ನ ಏದುಸಿರೇ ಕೇಳ್ತಾ ಇದೆ. ಬೇಕಾಗಿರೋದು ಡ್ರಮ್ಮಿನ ಸದ್ದು, ನಿಂದಲ್ಲ.”

ಮೇಸ್ತ್ರಿ ಹೀಗೆ ಒದರಿದ್ದೇ ಬಡಿಯೋ ಅಕ್ಕ ಉಸಿರು ಬಿಗಿಹಿಡಿದಳು. ಕೊಕ್ಕೆಗೆ ನೇತುಹಾಕಿದ್ದ ಬಸ್ಸಿನ ಬ್ರೇಕ್ ಡ್ರಮ್ಮಿಗೆ ಸುತ್ತಿಗೆಯಿಂದ ಒಂದೇಟು ಕೊಟ್ಟು, ಸದ್ದು ಪೂರ್ತಿ ಅಡಗುವ ತನಕ ಕಾದು, “ಗಟ್ಟಿ” ಎಂದಳು. ಮೇಜಿನ ಮುಂದೆ ಕೂತಿದ್ದ ಎಂ.ಟೆಕ್ ಹುಡುಗಿ ಕಂಪ್ಯೂಟರಿನಲ್ಲಿ ಗಟ್ಟಿ ಎಂದು ಒತ್ತಿದಳು. ಮುಂದಿನದು ಸತ್ತ ಸದ್ದು ಕೊಟ್ಟಿತು. “ಬಿರುಕು.” ಹುಡುಗಿ ಅದನ್ನೂ ಒತ್ತಿದಳು.

ಆ ಎರಕದ ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಅವಳಿಗೆ ಇದೇ ಕೆಲಸ. ಅವಳೂ ಅವಳ ಓರಗಿತ್ತಿಯೂ ಗಟ್ಟಿ ಎಂದದ್ದು ಲಾರಿ ಹತ್ತುತ್ತಿತ್ತು, ಬಿರುಕು ಎಂದದ್ದು ವಾಪಸ್ಸು ಕುಲುಮೆಗೆ. ಈಗ ವಿಶ್ವವಿದ್ಯಾಲಯಕ್ಕೂ ಕಾರ್ಖಾನೆಗೂ ಒಪ್ಪಂದವಾಗಿದೆಯಂತೆ. ದೊಡ್ಡ ಓದಿನ ಮಕ್ಕಳು ಎರಡು ವರ್ಷ ಇಲ್ಲೇ ಕಲಿತು, ಅವಳು ಬಡಿದ ಸದ್ದುಗಳನ್ನೇ ಕೇಳಿಸಿ ಕಲಿಸಿ, ಅವಳ ಕಿವಿಯ ಕೆಲಸ ಮಾಡುವ ಯಂತ್ರ ಕಟ್ಟಿಕೊಡುವುದು. ಮಕ್ಕಳಿಗೆ ಪದವಿ, ಧಣಿಗೆ ಯಂತ್ರ. ನಮಗೇನು ಅಂತ ಓರಗಿತ್ತಿ ಕೇಳಿದ್ದಕ್ಕೆ ಮೇಸ್ತ್ರಿ ಹಲ್ಲು ಕಿರಿದು ಗೇಟು ತೋರಿಸಿದ್ದ. ಇನ್ನು ಆ ಹುಡುಗಿಯ ಪ್ರೊಫೆಸರು! ನೋಡಲು ಬಂದವರಿಗೆಲ್ಲ ಪೆನ್ನಿನ ತುದಿಯಿಂದ ಅವಳ ಕಿವಿ ಮುಟ್ಟಿ ತೋರಿಸಿ, ನಮ್ಮ ಪ್ರಯೋಗಾಲಯದ ಅತಿ ಅಗ್ಗದ ಉಪಕರಣ ಇದೇ ಅನ್ನುತ್ತಿದ್ದರು. ಬಂದವರು ನಗುತ್ತಿದ್ದರು.

ಅಕ್ಕನೇನು ದಡ್ಡಿಯಲ್ಲ. ಒಂದು ಸದ್ದನ್ನು ಅವಳು ಯಂತ್ರಕ್ಕೆ ಕೊಟ್ಟಿರಲೇ ಇಲ್ಲ. ಕೆಲವು ಡ್ರಮ್ಮುಗಳ ಬುಡದೊಳಗೆ ಕಣ್ಣಿಗೆ ಕಾಣದ ಬಿರುಕಿರುತ್ತದೆ. ಬಡಿದರೆ ಗಟ್ಟಿಯದರ ಹಾಗೇ ಮೊಳಗಿ, ಕಟ್ಟಕಡೆಗೆ ಮಾತ್ರ ಗಂಟಲು ಕಟ್ಟಿದಂತೆ ಗಕ್ಕನೆ ನಿಲ್ಲುತ್ತದೆ. ದಿನಾ ಬೆಳಿಗ್ಗೆ ಹುಡುಗಿ ಬರುವ ಮೊದಲೇ ಇಬ್ಬರೂ ಅಂಥವನ್ನು ಆರಿಸಿ, ಸೀಮೆಸುಣ್ಣದ ಗುರುತು ಹಾಕಿ, ಕುಲುಮೆಗೆ ತಳ್ಳಿಸಿಬಿಡುತ್ತಿದ್ದರು. ಹುಡುಗಿ ಪಾಪ, ಒಳ್ಳೆಯವಳೇ. ಅಕ್ಕಾ ಅಂತ ಕರೆದು ನೀರು ಕೊಡುತ್ತಿದ್ದಳು. ಯಂತ್ರ ಪಾಸಾಗದಿದ್ದರೆ ತನಗೆ ಡಿಗ್ರಿ ಇಲ್ಲ ಅಂತ ಒಮ್ಮೆ ಅತ್ತೂ ಇದ್ದಳು. ಅಕ್ಕನ ಕರುಳು ಚುರುಕ್ಕೆಂದಿತು, ಆದರೂ ಬಾಯಿ ಬಿಡಲಿಲ್ಲ.

“ಅದೊಂದು ನಮ್ಮ ಹತ್ರಾನೇ ಇರ್ಲಿ ಕಣೇ,” ಅಂತ ಓರಗಿತ್ತಿಗೆ ಹೇಳಿದ್ದಳು. “ಅದಿರೋ ತನಕ ನಮ್ಮನ್ನ ಓಡಿಸೋಕಾಗಲ್ಲ.”

ಯಂತ್ರ ಒಪ್ಪಿಸುವ ದಿನ ಬಂತು. ಅವತ್ತು ಬೆಳಿಗ್ಗೆ ಮೇಸ್ತ್ರಿ ಇಬ್ಬರಿಗೂ ಸುತ್ತಿಗೆ ಮುಟ್ಟಗೊಡಲಿಲ್ಲ. ದೊಡ್ಡವರ ಕಣ್ಣಿಗೆ ನಿಮ್ಮ ಮಸಿ ಮೋರೆ ಬೀಳಬಾರದು ಅಂತ ಅಚ್ಚಿನ ಪೆಟ್ಟಿಗೆಗಳ ಹಿಂದಕ್ಕೆ ಅಟ್ಟಿದ. ಹಾಗಾಗಿ ಆ ದಿನದ ಡ್ರಮ್ಮುಗಳನ್ನು ಯಾರೂ ಆರಿಸಿರಲಿಲ್ಲ. ಧಣಿಯೂ ಪ್ರೊಫೆಸರೂ ನೋಡುತ್ತಿದ್ದಂತೆ ಯಂತ್ರದ ಕಬ್ಬಿಣದ ಕೈ ಬಡಿಯಿತು. ಹಸಿರು ದೀಪ, ಚಪ್ಪಾಳೆ. ಮತ್ತೆ ಬಡಿಯಿತು. ಹಸಿರು. ಮೂರನೆಯದು ಚೆನ್ನಾಗಿಯೇ ಮೊಳಗಿ, ಕಡೆಗೆ ಗಕ್ಕನೆ ನಿಂತಿತು.

ಅದಕ್ಕೂ ಹಸಿರೇ.

ಓರಗಿತ್ತಿ ಅವಳ ಮಣಿಕಟ್ಟು ಹಿಡಿದಳು. “ಸುಮ್ನಿರಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಹೋಗ್ಲಿ ಬಿಡು. ಆಮೇಲೆ ಅವ್ರೇ ಬಂದು ಕರೀತಾರೆ.”

“ಯಾವಾಗ ಕರೀತಾರೆ? ಬಸ್ಸು ಮಗುಚಿದ ಮೇಲಾ?”

ಡ್ರಮ್ಮು ಆಗಲೇ ತಳ್ಳುಗಾಡಿ ಏರಿ ಲಾರಿಯ ಕಡೆ ಹೊರಟಿತ್ತು. ಇಪ್ಪತ್ತಮೂರು ವರ್ಷದಲ್ಲಿ ಅಂಥದ್ದೊಂದನ್ನೂ ಅವಳು ರಸ್ತೆಗೆ ಬಿಟ್ಟವಳಲ್ಲ. ಕೈ ಕೊಸರಿಕೊಂಡು ಓಡಿದಳು.

“ಅದು ಒಡೆದಿದೆ ಕಣ್ರೋ ಬೋಳಿಮಕ್ಕಳಾ! ಕಿವಿಗೇನು ಸೀಸ ಹುಯ್ಕೊಂಡಿದ್ದೀರಾ?”

ಮೇಸ್ತ್ರಿ ಅವಳ ಜುಟ್ಟಿಗೆ ಕೈ ಹಾಕುವಷ್ಟರಲ್ಲಿ ಡ್ರಮ್ಮನ್ನು ನೆಲಕ್ಕೆ ಉರುಳಿಸಿ, ಗೋಡೆಗೆ ಒರಗಿಸಿದ್ದ ದೊಡ್ಡ ಸುತ್ತಿಗೆ ಎತ್ತಿದಳು. ಎರಡನೇ ಏಟಿಗೆ ಡ್ರಮ್ಮು ಇಬ್ಭಾಗವಾಯಿತು. ಒಳಗಿನ ಹಳೆಯ ಬಿರುಕು ಕಪ್ಪಗೆ ಕಾಣಿಸಿತು.

ಯಾರಾದರೂ ತಲೆ ತಗ್ಗಿಸಬಹುದು ಅಂತ ಅವಳಿಗೆ ಒಂದು ಕ್ಷಣ ಅನ್ನಿಸಿತು, ಹುಚ್ಚಿ. ಪ್ರೊಫೆಸರು ಬಗ್ಗಿ ಬಿರುಕು ನೋಡಿದರು. ಆಮೇಲೆ ಹುಡುಗಿಯ ಕಡೆ ತಿರುಗಿದರು.

“ಯಂತ್ರ ಇದನ್ನ ಬಡಿದಾಗ ಮೈಕ್ ಆನ್ ಇತ್ತಾ?”

“ಇತ್ತು ಸರ್. ಈಗ್ಲೂ ಇದೆ.”

“ನಮ್ಮ ಹತ್ರ ಇಲ್ಲದ ಸದ್ದು ಇದೇ.” ಅವರ ಮುಖ ಅರಳಿತು. ಧಣಿಯ ಕೈ ಕುಲುಕಿದರು. ಇಂಥ ಇನ್ನಷ್ಟು ಡ್ರಮ್ಮು ಆರಿಸಿಕೊಡಲಿ, ಆಮೇಲೆ ಇವರಿಬ್ಬರೂ ಬೇಕಾಗಲ್ಲ ಅಂದರು. ಮೇಸ್ತ್ರಿ ಸಣ್ಣ ಸುತ್ತಿಗೆ ತಂದು ಅವಳ ಕೈಗೆ ತುರುಕಿದ.

ಅವಳು ಅದನ್ನು ಬಿಸಾಕಿ, ಒಡೆದ ಡ್ರಮ್ಮಿನ ತುಂಡೊಂದನ್ನು ಮೈಕಿನ ಪಕ್ಕಕ್ಕೇ ಎಳೆದು ಅದರ ಮೇಲೆ ಕುಕ್ಕರಿಸಿದಳು. “ಬಡಿಯಲ್ಲ. ಏನು ಕಿತ್ಕೋತೀರೋ ಕಿತ್ಕೊಳ್ಳಿ.”

ಬೇಡ ಬಿಡಿ, ಯಂತ್ರವೇ ಒಂದೊಂದನ್ನೂ ಬಡಿಯಲಿ, ಆಮೇಲೆ ಒಡೆದು ನೋಡಿದರಾಯಿತು ಅಂದರು ಪ್ರೊಫೆಸರು. ಹುಡುಗಿ ಕಂಪ್ಯೂಟರಿನತ್ತ ತಿರುಗಿದಳು. ಅಕ್ಕನ ಮುಖ ನೋಡಲಿಲ್ಲ.

“ಸರ್, ಇವರ ಉಸಿರು ಸೇರ್ಕೊಳ್ತಾ ಇದೆ.”

“ಅದನ್ನ ಆಮೇಲೆ ಕಂಪ್ಯೂಟರಲ್ಲಿ ತೆಗೆದ್ರಾಯ್ತು.”

ಕಬ್ಬಿಣದ ಕೈ ಮತ್ತೆ ಬಡಿಯತೊಡಗಿತು. ಬಡಿಯೋ ಅಕ್ಕ ಮೈಕಿನ ಪಕ್ಕ ಕೂತು ಜೋರಾಗಿ ಏದುಸಿರು ಬಿಡುತ್ತಲೇ ಇದ್ದಳು. ಈ ಸಲ ಉಸಿರು ಹಿಡಿ ಅಂತ ಯಾರೂ ಹೇಳಲಿಲ್ಲ.